‘ಹಿರಿಯರಿಗಾಗಿ’ ಅಂತ ಬೋರ್ಡು ಹಾಕಿದ ಅಂಗಡಿ

‘ಬೇಬಿ ಬೂಮರ್‌ಗಳು ಓದಲೇಬೇಕಾದ ಬ್ಲಾಗುಗಳು’ ಅಂತ ಇಂಗ್ಲಿಷಿನಲ್ಲಿ ಹುಡುಕಿ ನೋಡಿ. ಪಟ್ಟಿ ಮೇಲೆ ಪಟ್ಟಿ ಸಿಗುತ್ತವೆ. ನಿವೃತ್ತಿಯ ದುಡ್ಡನ್ನು ಎಲ್ಲಿಡಬೇಕು, ಮೊಣಕಾಲು ನೋವಿಗೆ ಯಾವ ವ್ಯಾಯಾಮ, ಅರವತ್ತರ ಮೇಲೆ ಒಬ್ಬರೇ ಪ್ರವಾಸ ಹೋಗೋದು ಹೇಗೆ, ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್‌ನಲ್ಲಿ ಏನು ಮಾತಾಡೋದು. ಕನ್ನಡದಲ್ಲಿ ‘ಹಿರಿಯ ನಾಗರಿಕರಿಗೆ’ ಅಂತ ಹುಡುಕಿದರೆ ಅಂಥ ಪಟ್ಟಿಯೂ ಇಲ್ಲ. ಪಿಂಚಣಿ ಯೋಜನೆ, ಬಸ್ ರಿಯಾಯಿತಿ, ಬಿಪಿ-ಶುಗರು, ನಡುನಡುವೆ ಒಂದಿಷ್ಟು ಅಧ್ಯಾತ್ಮ. ಭಾಷೆ ಯಾವುದಾದರೂ ನಂಬಿಕೆ ಒಂದೇ: ಅರವತ್ತು ದಾಟಿದವರು ಅಂದ್ರೆ ಸಮಸ್ಯೆಗಳ ಗಂಟು, ಅದನ್ನ ಬಿಚ್ಚೋ ಕೆಲಸ ನಮ್ಮದು.

ನನ್ನ ತಕರಾರು ಇರೋದು ಈ ನಂಬಿಕೆ ಮೇಲೆ. ಅದಕ್ಕೂ ಮೊದಲು ಆ ಪದದ ಬಗ್ಗೆ ಎರಡು ಮಾತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಿಂದ 1964ರ ತನಕ ಅಮೆರಿಕದಲ್ಲಿ ಹುಟ್ಟಿದವರನ್ನು ಬೇಬಿ ಬೂಮರ್ ಅಂತಾರೆ. ಯುದ್ಧದಿಂದ ಮರಳಿದ ಸೈನಿಕರು, ಹೊಸ ಮನೆ, ಹೊಸ ಕಾರು, ಮನೆ ತುಂಬ ಮಕ್ಕಳು. 2019ರಲ್ಲಿ ‘ಓಕೆ ಬೂಮರ್’ ಅನ್ನೋ ಮಾತು ಜಗತ್ತೆಲ್ಲ ಓಡಾಡಿದ ಮೇಲೆ ಅದು ನಮ್ಮಲ್ಲೂ ಬೈಗುಳವಾಯ್ತು. ‘ಬೂಮರ್ ಅಂಕಲ್’ ಅನ್ನೋದು ನಮ್ಮ ಟೀಮಿನಲ್ಲೇ ದಿನಕ್ಕೊಮ್ಮೆ ಕಿವಿಗೆ ಬೀಳುತ್ತೆ.

ಈಗ ಇದೇ ಅಳತೆಪಟ್ಟಿ ಹಿಡಿದು ನನ್ನೂರಿಗೆ ಬನ್ನಿ. ನಾಲತವಾಡ, ಮುದ್ದೇಬಿಹಾಳ ತಾಲೂಕು. ನಮ್ಮ ಕಾಕಾ 1951ರಲ್ಲಿ ಹುಟ್ಟಿದ್ದು ಮುಂಬಯಿ ರಾಜ್ಯದಲ್ಲಿ. 1956ರ ನವೆಂಬರ್ 1ಕ್ಕೆ, ಮನೆಯಿಂದ ಒಂದು ಹೆಜ್ಜೆ ಆಚೆ ಇಡದೆ ಮೈಸೂರು ರಾಜ್ಯದವರಾದರು. 1973ಕ್ಕೆ ಕರ್ನಾಟಕದವರು. 2014ಕ್ಕೆ ಬಿಜಾಪುರ ಹೋಗಿ ವಿಜಯಪುರ ಜಿಲ್ಲೆಯವರು. ಇವರ ಹರೆಯದಲ್ಲಿ ಕಾರೂ ಬರಲಿಲ್ಲ, ಬಂಗಲೆಯೂ ಬರಲಿಲ್ಲ. 1972ರ ಬರಗಾಲ ಬಂತು. ಅಮೆರಿಕದ ಲೆಕ್ಕದಲ್ಲಿ ಬೂಮರ್ ತಲೆಮಾರು ಮುಗಿಯೋ 1964ರಲ್ಲೇ, ಮೇ 22ರಂದು, ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ನಮ್ಮ ಕಡೆಯವರ ಲೆಕ್ಕ ಅಲ್ಲಿಂದ ಶುರುವಾಗುತ್ತೆ. 1982ರಲ್ಲಿ ನಮ್ಮೂರ ಹತ್ತಿರದ ನಾರಾಯಣಪುರದ ಅಣೆಕಟ್ಟು ಮುಗೀತು, ಆಮೇಲೆ ಆಲಮಟ್ಟಿ ತುಂಬಿತು. ಹೊಳೆದಂಡೆಯ ಹಳ್ಳಿಗಳು ಎದ್ದು ಹೋದವು. ‘ಮುಳುಗಡೆ’ ಅನ್ನೋ ಪದ ನಮ್ಮಲ್ಲಿ ದಿನಬಳಕೆಯ ಮಾತು. ಸಂಬಂಧ ನೋಡುವಾಗಲೂ ‘ಅವರು ಮುಳುಗಡಿ ಊರಿನವ್ರು’ ಅಂತ ಸೇರಿಸಿ ಹೇಳ್ತಾರೆ.

ಇಂಥವರನ್ನು ಬೂಮರ್ ಅಂತ ಕರೆಯೋದು ಜೋಳದ ರೊಟ್ಟಿಗೆ ಪಿಜ್ಜಾ ಅಂದ ಹಾಗೆ. ಆದರೂ ಆ ಹುಟ್ಟಿದ ವರ್ಷಗಳನ್ನು ಇಟ್ಟುಕೊಳ್ಳೋಣ, ಲೆಕ್ಕಕ್ಕೆ ಅನುಕೂಲ.

ನಾನು ಬೆಂಗಳೂರಲ್ಲಿ ಮಾಡೋ ಕೆಲಸದಲ್ಲಿ ‘ಪರ್ಸೋನಾ’ ಅಂತ ಒಂದು ವಸ್ತು ಇದೆ. ನಮ್ಮ ಆಪ್ ಬಳಸೋರು ಯಾರು ಅಂತ ಊಹಿಸಿ, ಅವರಿಗೊಂದು ಹೆಸರು, ಒಂದು ನಗುವ ಫೋಟೋ ಅಂಟಿಸಿ ಸ್ಲೈಡ್ ಮಾಡ್ತೀವಿ. ‘ಐವತ್ತೈದರ ಮೇಲೆ’ ಅನ್ನೋ ಸ್ಲೈಡಿನಲ್ಲಿ ಯಾವಾಗಲೂ ಬಿಳಿಗೂದಲಿನ ದಂಪತಿ ತೋಟದಲ್ಲಿ ಕಾಫಿ ಕುಡೀತಿರ್ತಾರೆ. ಅವರ ಬಯಕೆಗಳು: ಆರೋಗ್ಯ, ನೆಮ್ಮದಿ, ಕುಟುಂಬ. ಅವರ ಕಷ್ಟ: ಅಕ್ಷರ ಸಣ್ಣದು, ಪಾಸ್‌ವರ್ಡ್ ಮರೆಯುತ್ತೆ. ಅವರಿಗೆ ಏನು ಗೊತ್ತು ಅನ್ನೋ ಕಾಲಮ್ಮೇ ಆ ಸ್ಲೈಡಿನಲ್ಲಿ ಇಲ್ಲ. ನೀವೂ ಇಂಥ ಕಂಪನಿಯಲ್ಲಿದ್ದರೆ ನಿಮ್ಮ ಸ್ಲೈಡನ್ನೂ ಒಮ್ಮೆ ತೆಗೆದು ನೋಡಿ.

ಈ ಸ್ಲೈಡಿನಿಂದ ಹುಟ್ಟಿದ ಸರಕೆಲ್ಲ ಹೋಗಿ ಸೇರೋದು ಕಾಕಾನ ವಾಟ್ಸಾಪಿಗೆ. ದೀಪಾವಳಿಗೆ ಊರಿಗೆ ಹೋದಾಗ ಕೂತು ಆ ಫೋನನ್ನು ಮೇಲಿನಿಂದ ಕೆಳಗೆ ಓದಿದೆ. ಶುಭೋದಯ, ಶರಣರ ಫೋಟೋ, ಬೆಳಗ್ಗೆ ಬಿಸಿನೀರು ಕುಡಿದರೆ ಏನೇನು ಹೋಗುತ್ತೆ, ಯಾವುದೋ ದೇಶದಲ್ಲಿ ನಮ್ಮ ಸಂಸ್ಕೃತಿಗೆ ಸಿಕ್ಕ ಗೌರವ. ಬರೆದವರ ಹೆಸರು ಒಂದರಲ್ಲೂ ಇಲ್ಲ. ತಾಳಿಕೋಟೆ ನಮ್ಮ ಪಕ್ಕದಲ್ಲೇ ಇರೋದರಿಂದ 1565ರ ಯುದ್ಧದ ಬಗ್ಗೆ ಧಾರಾಳವಾಗಿ ಫಾರ್ವರ್ಡ್ ಬರ್ತವೆ. ಯಾರು ಮೋಸ ಮಾಡಿದರು, ಯಾರು ತಲೆ ಕಡಿದರು ಅನ್ನೋದನ್ನು ಕಣ್ಣಾರೆ ಕಂಡವರಂತೆ ಬರೆದಿರ್ತಾರೆ. 1972ರ ಬರದ ಬಗ್ಗೆ ಒಂದೂ ಇಲ್ಲ. ಅದನ್ನು ಕಣ್ಣಾರೆ ಕಂಡವರು ಆ ಗ್ರೂಪಿನ ತುಂಬ ಇದ್ದಾರೆ!

ಕಾಕಾನನ್ನು ಕೇಳಿದೆ, ಇವನ್ನೆಲ್ಲ ಓದ್ತೀರೇನು ಅಂತ.

“ಓದೂದೇನ್ ಐತಿ ಯವ್ವಾ. ಬರ್ತಾವ, ಮುಂದ ಹಾಕ್ತೀನಿ. ಹಾಕಲಿಲ್ಲ ಅಂದ್ರ ಆರಾಮ ಅದಾನೋ ಇಲ್ಲೋ ಅಂತ ಫೋನ್ ಮಾಡ್ತಾರ.”

ಫಾರ್ವರ್ಡ್‌ಗಳನ್ನು ಗೇಲಿ ಮಾಡೋ ನಮ್ಮಂಥವರು ಈ ಮಾತನ್ನು ಸ್ವಲ್ಪ ಗಮನಿಸಬೇಕು. ಅವರಿಗೆ ಅದು ಓದಿನ ಸರಕೇ ಅಲ್ಲ, ಹಾಜರಿ. ಹಾಗಾದರೆ ಅವರ ಓದು ಎಲ್ಲಿ ಹೋಯ್ತು? ಈ ಮನುಷ್ಯ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಲೈಬ್ರರಿಯಿಂದ ವಾರಕ್ಕೆರಡು ಕಾದಂಬರಿ ತಂದು ಮುಗಿಸ್ತಿದ್ದವರು. ಅವರ ಫೋನಿಗೆ ಓದೋ ಅಂಥದ್ದನ್ನು ಯಾರೂ ಕಳಿಸಿಲ್ಲ, ಅಷ್ಟೇ. ಹುಡುಕಿಕೊಳ್ಳಲಿ ಅಂದರೆ, ಏನಂತ ಹುಡುಕಬೇಕು?

ಕನ್ನಡದಲ್ಲಿ ಅಂಥದ್ದು ಇಲ್ಲವೇ ಅಂದರೆ ಇದೆ. ಎಲ್ಲಿಯೂ ‘ಹಿರಿಯರಿಗಾಗಿ’ ಅನ್ನೋ ಬೋರ್ಡು ಇಲ್ಲ, ಅದೇ ಅವುಗಳ ಪುಣ್ಯ.

ನನ್ನ ಮೊದಲ ಉದಾಹರಣೆ ಮಂಗಳೂರಿನ ಜಿ.ಎನ್. ಅಶೋಕವರ್ಧನ. 1975ರಲ್ಲಿ ಅತ್ರಿ ಬುಕ್ ಸೆಂಟರ್ ಅನ್ನೋ ಪುಸ್ತಕದಂಗಡಿ ತೆರೆದವರು, 2012ರಲ್ಲಿ ಅದನ್ನು ತಾವಾಗಿಯೇ ಮುಚ್ಚಿದವರು. ವಿಜ್ಞಾನ ಬರಹಗಾರ ಜಿ.ಟಿ. ನಾರಾಯಣರಾಯರ ಮಗ. ಅಂಗಡಿ ಬಾಗಿಲು ಹಾಕಿದರೂ ಅಂಗಡಿಯ ಹೆಸರಿನ ಜಾಲತಾಣದ ಬಾಗಿಲು ತೆರೆದೇ ಇಟ್ಟರು. ಅಲ್ಲಿ ಗುಡ್ಡ ಹತ್ತಿದ್ದು, ಗುಹೆ ಹೊಕ್ಕಿದ್ದು, ಬೈಕಿನಲ್ಲಿ ಭಾರತ ಸುತ್ತಿದ್ದು, ಸೈಕಲ್ ತುಳಿದದ್ದು, ಯಕ್ಷಗಾನ ನೋಡಿ ಸಿಟ್ಟಾದದ್ದು ಎಲ್ಲ ಇದೆ. ಓದುತ್ತಾ ಹೋದರೆ ಒಂದು ವಿಷಯ ಸ್ಪಷ್ಟ ಆಗುತ್ತೆ: ಈ ಮನುಷ್ಯ ತನ್ನ ವಯಸ್ಸಿನ ಬಗ್ಗೆ ಬರೀತಿಲ್ಲ, ತನಗೆ ಗೊತ್ತಿರೋದರ ಬಗ್ಗೆ ಬರೀತಿದ್ದಾರೆ. ‘ಪುಸ್ತಕ ಮಾರಾಟ ಹೋರಾಟ’ ಅನ್ನೋ ಅವರ ಪುಸ್ತಕದಲ್ಲಿ ಪ್ರಕಾಶಕರು, ಸರಕಾರದ ಸಗಟು ಖರೀದಿ, ಕಮಿಶನ್ನು ಇವುಗಳ ಒಳಗುಟ್ಟು ಹೇಳೋ ಧಾಟಿ ಇದೆಯಲ್ಲ, ತಾಣದ ಬರಹಗಳಲ್ಲೂ ಅದೇ ಖಡಕ್ ಧಾಟಿ. ಯಾರನ್ನೂ ಮೆಚ್ಚಿಸೋ ಆತುರ ಇಲ್ಲ.

ದೋಷ ಇಲ್ಲವೇ? ಇದೆ. ಬರಹಗಳು ಉದ್ದ. ಗೆಳೆಯರ ಹೆಸರುಗಳು ಮೆರವಣಿಗೆಯಂತೆ ಬರ್ತವೆ, ಯಾರು ಯಾರು ಅನ್ನೋದು ನಮ್ಮಂಥ ಬಯಲುಸೀಮೆಯವರಿಗೆ ತಿಳಿಯಲ್ಲ. ಕರಾವಳಿಯ ಊರುಗಳು ಗೊತ್ತಿರಬೇಕು ಅನ್ನೋ ಗೃಹೀತ ಇದೆ. ವಾಕ್ಯಗಳು ಘಟ್ಟದ ರಸ್ತೆಯ ಹಾಗೆ, ಒಂದು ತಿರುವು ಮುಗೀತು ಅನ್ನುವಾಗ ಇನ್ನೊಂದು. ನಮ್ಮ ಆಫೀಸಿನ ಕಂಟೆಂಟ್ ಗುರುಗಳು ನೋಡಿದರೆ ‘ಓದುಗರು ಮೂರು ಸೆಕೆಂಡಿಗೆ ಬಿಟ್ಟು ಹೋಗ್ತಾರೆ’ ಅಂತಾರೆ. ಕಾಕಾ ಬಿಟ್ಟು ಹೋಗಲಿಲ್ಲ. ಅಂಗಡಿಯ ಕುರಿತ ಒಂದು ಬರಹವನ್ನು ಮೂರು ದಿನ ಇಟ್ಟುಕೊಂಡು ಓದಿದರು. ಉದ್ದ ಬರಹ ಓದೋ ವ್ಯವಧಾನ ಇರೋದೇ ಆ ತಲೆಮಾರಿಗೆ. ನಾವು ಅವರಿಗೆ ಮೂರು ಸಾಲಿನ ಶುಭೋದಯ ಕಳಿಸ್ತೀವಿ.

ಎರಡನೆಯದು ‘ಸಲ್ಲಾಪ’. ಸುನಾಥ ಅನ್ನೋ ಹೆಸರಿನಲ್ಲಿ ಬರೆಯೋ ಹಿರಿಯರ ಬ್ಲಾಗು. ಬೇಂದ್ರೆಯವರ ಕವನಗಳನ್ನು ಒಂದೊಂದಾಗಿ ತಗೊಂಡು, ನುಡಿನುಡಿಯಾಗಿ ಬಿಡಿಸಿ ಇಡ್ತಾರೆ. ಈ ಪದಕ್ಕೆ ಧಾರವಾಡದ ಆಡುಮಾತಿನಲ್ಲಿ ಏನರ್ಥ, ಸಂಸ್ಕೃತದಲ್ಲಿ ಏನರ್ಥ, ಬೇಂದ್ರೆ ಎರಡನ್ನೂ ಹೇಗೆ ಒಂದೇ ಉಸಿರಿನಲ್ಲಿ ಆಡಿಸ್ತಾರೆ ಅನ್ನೋದು. ವಿಶ್ವವಿದ್ಯಾಲಯದ ವಿಮರ್ಶೆಯ ಭಾರ ಇಲ್ಲ. ಕೆಲವೊಮ್ಮೆ ಅರ್ಥವನ್ನು ಸ್ವಲ್ಪ ಜಾಸ್ತಿಯೇ ಹಿಂಡ್ತಾರೆ ಅಂತ ನನಗನ್ನಿಸುತ್ತೆ. ಪ್ರತಿ ಪದದ ಹಿಂದೆಯೂ ಒಂದು ಗೂಢ ಇರಲೇಬೇಕು ಅನ್ನೋ ಹಟ. ಆದರೆ ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅವರ ಮಾತನ್ನು ಎದುರು ಕೂತು ಕೇಳಿದವರು ಇವತ್ತು ಅರವತ್ತು, ಎಪ್ಪತ್ತು ದಾಟಿದ್ದಾರೆ. ಆ ಕವನಗಳ ಆಡುನುಡಿ ಯಾರ ಮನೆಮಾತಾಗಿತ್ತೋ ಅವರೇ ಅರ್ಥ ಹೇಳಿದರೆ ಅದರ ಬೆಲೆ ಬೇರೆ. ಮುಂದಿನ ಇಪ್ಪತ್ತು ವರ್ಷದಲ್ಲಿ ಈ ಕೆಲಸ ಯಾರಿಂದಲೂ ಆಗಲ್ಲ.

ಮೂರನೆಯದು ‘ಸುರಹೊನ್ನೆ’. ಒಬ್ಬರ ಬ್ಲಾಗಲ್ಲ, ಹಲವರು ಬರೆಯೋ ಜಾಲಪತ್ರಿಕೆ. ಪ್ರವಾಸಕಥನ, ಅಡುಗೆ, ಲಲಿತ ಪ್ರಬಂಧ, ಕವಿತೆ. ಗುಣಮಟ್ಟ ಏರುಪೇರು. ಒಂದು ಒಳ್ಳೆಯ ಪ್ರವಾಸಕಥನ ಓದಿ ಖುಷಿಯಾಗಿ ಪಕ್ಕದ್ದನ್ನು ಒತ್ತಿದರೆ ಶಾಲಾ ಸಂಚಿಕೆಯ ಕವಿತೆ ಎದುರಾಗಬಹುದು. ಇರಲಿ. ನಿತ್ಯದ ಮಾತಿನಲ್ಲಿ, ಗಡಿಬಿಡಿ ಇಲ್ಲದೆ ಬರೆಯೋ ಮನೆಮಂದಿಗೆ ಇಂಥ ಜಗಲಿಗಳು ಕನ್ನಡದಲ್ಲಿ ಹೆಚ್ಚಿಲ್ಲ.

ಹೊಗಳಿದ್ದು ಸಾಕು. ಹಿರಿಯರ ಬ್ಲಾಗುಗಳನ್ನು ಸಾಲಾಗಿ ಓದಿದರೆ ಕೆಲವು ರೋಗಗಳೂ ಕಾಣ್ತವೆ. ಒಂದು, ‘ನಮ್ಮ ಕಾಲದಲ್ಲಿ’ ಅನ್ನೋ ರೋಗ. ಆ ಕಾಲದಲ್ಲಿ ಎಲ್ಲರೂ ಒಳ್ಳೆಯವರು, ಮೇಷ್ಟ್ರುಗಳೆಲ್ಲ ದೇವರು, ಅವ್ವನ ಕೈರುಚಿ ಅಮೃತ. ಎಷ್ಟನೇ ಇಸವಿ, ಯಾವ ಊರು, ಸಂಬಳ ಎಷ್ಟು, ಸಾಲ ಎಷ್ಟು, ಏನೂ ಇಲ್ಲ. ಎರಡು, ಪ್ರತಿ ಬರಹದ ಕೊನೆಗೆ ಒಂದು ನೀತಿ. ಚೆನ್ನಾಗಿ ಹರೀತಿದ್ದ ನೆನಪಿಗೆ ಕೊನೆಯಲ್ಲಿ ಅಣೆಕಟ್ಟು ಕಟ್ಟಿಬಿಡ್ತಾರೆ. ಮೂರನೆಯದು ಸ್ವಲ್ಪ ಗಂಭೀರ: ಜಾತಿ ಮಾಯ. ಊರ ಬಾವಿ ಇರುತ್ತೆ, ಬಾವಿಯ ತಣ್ಣನೆ ನೀರು ಇರುತ್ತೆ, ಆ ಬಾವಿಗೆ ಯಾರು ಬರೋ ಹಾಗಿರಲಿಲ್ಲ ಅನ್ನೋದು ಇರಲ್ಲ. ಬರೆಯೋ ಅನುಕೂಲ ಯಾರಿಗಿತ್ತು ಅನ್ನೋ ಪ್ರಶ್ನೆ ಇದು. ನೌಕರಿ, ನಿವೃತ್ತಿ, ಕಂಪ್ಯೂಟರು ಕೊಡಿಸೋ ಮಗ ಇದ್ದವರ ಹಳ್ಳಿಯಷ್ಟೇ ಇಂಟರ್ನೆಟ್ಟಿಗೆ ಬಂದಿದೆ. ನಾನು ಓದಿದ್ದರಲ್ಲಿ ಹೆಚ್ಚಿನವು ಮಲೆನಾಡು, ಕರಾವಳಿ, ಮೈಸೂರು, ಧಾರವಾಡ, ಇಲ್ಲವೇ ಅಮೆರಿಕದಲ್ಲಿ ಕೂತು ನೆನೆಸಿಕೊಂಡ ಇವೇ ಊರುಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಎಪ್ಪತ್ತರ ಹರೆಯದವರು ಬರೆದ ಬ್ಲಾಗು ನನಗೆ ಒಂದೂ ಸಿಕ್ಕಿಲ್ಲ. ಆಲಮಟ್ಟಿಯ ಎತ್ತರ 519.60 ಮೀಟರೋ 524.256 ಮೀಟರೋ ಅಂತ ದಶಕಗಳಿಂದ ಜಗಳ ನಡೀತಿದೆ, ಪತ್ರಿಕೆಗಳಲ್ಲಿ ದಶಾಂಶ ಬಿಂದುವಿನ ಆಚೆಗಿನ ಅಂಕಿಯೂ ತಪ್ಪಲ್ಲ. ಆ ಮೀಟರುಗಳ ಒಳಗೆ ಯಾರ ಹಿತ್ತಲಿತ್ತು ಅನ್ನೋದನ್ನು ಹಿತ್ತಲಿನವರೇ ಬರೆದದ್ದು ಎಲ್ಲಿದೆ?

ಒಳ್ಳೆಯದು ಇದ್ದರೂ ಕೈಗೆ ಸಿಗದಿರೋದಕ್ಕೆ ಬೇರೆ ಕಾರಣಗಳೂ ಇವೆ. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ ಶುರು ಮಾಡಿದಾಗ, ಆಮೇಲೆ ಜಿ.ಎನ್. ಮೋಹನ್ ಅವರ ‘ಅವಧಿ’ ಬಂದಾಗ, ಕನ್ನಡದಲ್ಲಿ ಬರೆಯೋರು ಒಬ್ಬರಿಗೊಬ್ಬರು ಸಿಗೋ ಕಟ್ಟೆಗಳಿದ್ದವು. ಪ್ರತಿ ಬ್ಲಾಗಿನ ಬಲಗಡೆ ‘ನಾನು ಓದುವ ಬ್ಲಾಗುಗಳು’ ಅಂತ ಒಂದು ಉದ್ದ ಪಟ್ಟಿ ಇರ್ತಿತ್ತು, ನೆನಪಿದೆಯಾ? ಅದೊಂದು ಮರ್ಯಾದೆ. ಒಂದು ಮನೆಗೆ ಹೋದರೆ ಅವರು ಇನ್ನೊಂದು ಮನೆ ತೋರಿಸ್ತಿದ್ದರು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು. ಹೊಸ ಬರಹ ಬಂದಾಗ ತಾನಾಗಿ ತಂದು ಕೊಡ್ತಿದ್ದ ಪೇಪರ್ ಹುಡುಗ ಕೆಲಸ ಬಿಟ್ಟ ಹಾಗಾಯ್ತು. ಬರೆಯೋರು ಫೇಸ್‌ಬುಕ್ಕಿಗೆ ಹೋದರು. ಅಲ್ಲಿ ಇವತ್ತು ಬರೆದದ್ದು ನಾಡಿದ್ದಿಗೆ ಸಿಗಲ್ಲ. ಹಳೇ ಬ್ಲಾಗುಗಳು ಹಾಗೇ ನಿಂತಿವೆ, ಬೀಗ ಹಾಕದೆ ಬಿಟ್ಟು ಹೋದ ಮನೆಗಳ ಹಾಗೆ.

ಇನ್ನೊಂದು ಕಾರಣ ಬರೀ ತಾಂತ್ರಿಕ, ಆದರೆ ನನ್ನ ಹೊಟ್ಟೆ ಉರಿಸಿದ್ದು ಇದೇ. ಕಾಕಾನ ಗೆಳೆಯರೊಬ್ಬರು ಸರಕಾರಿ ಕೆಲಸದಿಂದ ನಿವೃತ್ತರಾದವರು. ಮುಳುಗಡೆ ಹಳ್ಳಿಗಳ ಸರ್ವೆಗೆ ಓಡಾಡಿದ ಕಾಲದ ನೆನಪುಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. ಪೆನ್ ಡ್ರೈವ್ ಕೊಟ್ಟರು. ನನ್ನ ಲ್ಯಾಪ್‌ಟಾಪಿನಲ್ಲಿ ತೆಗೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಯುನಿಕೋಡ್ ರೂಢಿಗೆ ಬರೋ ಮುಂಚಿನ ನುಡಿ ಫಾಂಟು. 1998ರಲ್ಲಿ ಬರಹ, ಆಮೇಲೆ ನುಡಿ ಬಂದು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಆದರೆ ಆ ಹಳೇ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಇರೋದು ಇಂಗ್ಲಿಷ್ ಸಂಕೇತ, ಮೇಲೆ ಹೊದಿಸಿದ್ದು ಮಾತ್ರ ಕನ್ನಡದ ವೇಷ. ಫಾಂಟು ಇಲ್ಲದ ಕಡೆ ವೇಷ ಕಳಚಿ ಬೀಳುತ್ತೆ. ಯಾವ ಹುಡುಕುಯಂತ್ರಕ್ಕೂ ಅದು ಕನ್ನಡ ಅಂತ ಗೊತ್ತಾಗಲ್ಲ. ಕಂಪ್ಯೂಟರು ಕಲಿತು, ಕಷ್ಟಪಟ್ಟು ಟೈಪ್ ಮಾಡಿದ ಈ ತಲೆಮಾರಿನ ಎಷ್ಟು ಪುಟಗಳು ಹೀಗೆ ಡ್ರಾಯರಿನಲ್ಲಿ ಬಿದ್ದಿವೆಯೋ. ಯುನಿಕೋಡಿಗೆ ಬದಲಿಸೋ ಸಲಕರಣೆ ಪುಕ್ಕಟೆ ಸಿಗುತ್ತೆ. ಹತ್ತು ನಿಮಿಷದ ಕೆಲಸ, ಒತ್ತಕ್ಷರ ಅಲ್ಲಲ್ಲಿ ತಿದ್ದಬೇಕು ಅಷ್ಟೇ. ನಿಮ್ಮ ಅಪ್ಪನ ಪೆನ್ ಡ್ರೈವ್ ಒಮ್ಮೆ ಕೇಳಿ ನೋಡಿ.

ಇದನ್ನೆಲ್ಲ ಬೇರೆ ಕಡೆ ಹೇಗೆ ಮಾಡಿದರು? ಅಮೆರಿಕದ ರೋನಿ ಬೆನೆಟ್ ಅನ್ನೋ ಮಹಿಳೆ ‘ಟೈಮ್ ಗೋಸ್ ಬೈ’ ಅಂತ ಬ್ಲಾಗು ನಡೆಸ್ತಿದ್ದರು. ವಯಸ್ಸಾಗೋದು ನಿಜವಾಗಿ ಹೇಗಿರುತ್ತೆ ಅನ್ನೋದೇ ಅದರ ವಿಷಯ. ಆಕೆ ಹುಟ್ಟಿದ್ದು 1941ರಲ್ಲಿ, ಬೂಮರ್‌ಗಳಿಗೆ ಅಕ್ಕ ಅನ್ನಿ. 2020ರಲ್ಲಿ ತೀರಿಕೊಂಡರು. ಇತರ ಹಿರಿಯರ ಬ್ಲಾಗುಗಳ ಪಟ್ಟಿಯನ್ನು ಕೈಯಾರೆ ಓದಿ, ಆರಿಸಿ ಇಡ್ತಿದ್ದರು. ಬ್ಲಾಗು ಇಲ್ಲದವರ ಕಥೆಗಳಿಗೆ ಇನ್ನೊಂದು ಜಾಗ ಮಾಡಿದ್ದರು. ಸ್ಪೇನಿನ ಮರಿಯಾ ಅಮೇಲಿಯಾ ಲೋಪೆಸ್ ಕಥೆ ಇನ್ನೂ ಚೆಂದ. 2006ರಲ್ಲಿ ಅಜ್ಜಿಗೆ ತೊಂಬತ್ತೈದು ತುಂಬಿದಾಗ ಮೊಮ್ಮಗ ಒಂದು ಬ್ಲಾಗು ಉಡುಗೊರೆ ಕೊಟ್ಟ. ಮೊಮ್ಮಗ ಜಿಪುಣ, ಅದಕ್ಕೇ ಬ್ಲಾಗು ಕೊಟ್ಟಿದ್ದಾನೆ ಅಂತ ಅಜ್ಜಿ ಅಲ್ಲೇ ತಮಾಷೆ ಮಾಡಿದಳು. ಅವಳು ಹೇಳ್ತಿದ್ದಳು, ಮನೆಯವರು ಟೈಪ್ ಮಾಡ್ತಿದ್ದರು. 2009ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಜಗತ್ತಿನ ಎಲ್ಲ ಕಡೆ ಓದುಗರಿದ್ದರು. ಅಲ್ಲಿ ಯಾರೂ ಅಜ್ಜಿಗೆ ‘ಹಿರಿಯರಿಗೆ ಸೂಕ್ತವಾದ ಕಂಟೆಂಟ್’ ಕೊಡಲಿಲ್ಲ. ಅವಳ ಮುಂದೆ ಕೂತರು.

ಮುಂದೆ ಕೂರೋದಕ್ಕೆ ಸ್ಪೇನಿಗೆ ಹೋಗಬೇಕಾಗಿಲ್ಲ ಬಿಡಿ. ನಮ್ಮ ಜಿಲ್ಲೆಯ ಇಂಡಿ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಅನ್ನೋ ಗೆಳೆಯರು ಹಳ್ಳಿಯ ಹೆಣ್ಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಬಂತು. ಆಗ ಅವರೆಲ್ಲ ನಮ್ಮಷ್ಟೇ ವಯಸ್ಸಿನ ಆಸುಪಾಸಿನವರು. ಕೈಯಲ್ಲಿ ರೆಕಾರ್ಡರ್ ಇರಲಿಲ್ಲ. ಬೀಸುಕಲ್ಲಿನ ಮುಂದೆ ಕೂತ ಹೆಂಗಸಿಗೆ ಬೇಕಾಗಿರೋದು ಆರೋಗ್ಯ, ನೆಮ್ಮದಿ, ಕುಟುಂಬ ಅಂತ ಅವರು ಸ್ಲೈಡ್ ಮಾಡಿದ್ದರೆ ಇವತ್ತು ನಮ್ಮ ಕೈಯಲ್ಲಿ ಏನು ಉಳೀತಿತ್ತು ಹೇಳಿ.

ಹಂಚೋದರ ಬಗ್ಗೆ ಈಗ ನನಗೆ ಕೆಲವು ಖಚಿತ ಅಭಿಪ್ರಾಯಗಳಿವೆ. ಬರೀ ಲಿಂಕ್ ಕಳಿಸೋದು ಅಂದರೆ ವಿಳಾಸದ ಚೀಟಿ ಕೈಗಿಟ್ಟು ಹೋಗು ಅಂದ ಹಾಗೆ. ಯಾಕೆ ಓದಬೇಕು ಅನ್ನೋ ಒಂದು ವಾಕ್ಯ ಜೊತೆಗೆ ಇರಲೇಬೇಕು, ಮತ್ತು ಆ ವಾಕ್ಯ ಅವರೊಬ್ಬರಿಗೇ ಬರೆದದ್ದಾಗಿರಬೇಕು. ‘ಕಾಕಾ, ಇವರು ಪುಸ್ತಕದಂಗಡಿ ಇಟ್ಟಿದ್ದರು, ಸರಕಾರದವರು ಲೈಬ್ರರಿಗೆ ಪುಸ್ತಕ ಕೊಳ್ಳೋದರ ಬಗ್ಗೆ ಬೈದಿದ್ದಾರೆ, ನಿಮ್ಮ ಸಾಲಿ ಲೈಬ್ರರಿಗೂ ಹಂಗೇ ಬರ್ತಿದ್ದವೇನು?’ ಅಂತ ಕಳಿಸಿದ್ದಕ್ಕೆ ಅರ್ಧ ಗಂಟೆಯ ಫೋನ್ ಬಂತು. ಹತ್ತು ಜನರ ಗ್ರೂಪಿಗೆ ಹಾಕಿದ ಅದೇ ಲಿಂಕಿಗೆ ಎರಡು ಕೈಮುಗಿದ ಚಿತ್ರ ಬಂದವು. ಫೋನಿನ ಅಕ್ಷರ ದೊಡ್ಡದು ಮಾಡಿಕೊಟ್ಟೆ, ಎಲ್ಲ ಬ್ಲಾಗಿಗೂ ಅದು ನಾಟಲ್ಲ. ಹಾಗಾಗಿ ಉದ್ದದ್ದನ್ನು ಪ್ರಿಂಟ್ ಹಾಕಿ ಊರಿಗೆ ಹೋಗೋ ಬಸ್ಸಿನಲ್ಲಿ ಒಯ್ತೀನಿ. ನಗಬೇಡಿ. ಕಾಕಾ ಅದರ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕೊಡ್ತಾರೆ. ಒಬ್ಬ ಪ್ರಸಿದ್ಧ ಅಂಕಣಕಾರರ ಅಲ್ಪಪ್ರಾಣ-ಮಹಾಪ್ರಾಣಕ್ಕೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದಾರೆ.

ಬರೆಸೋದು ಇದಕ್ಕಿಂತ ಕಷ್ಟ. 2017ರಿಂದ ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಅದು ಬರೆದುಕೊಳ್ಳುತ್ತೆ. ಕಾಕಾ ಕ್ಲಾಸಿನಲ್ಲಿ ಪಾಠ ಮಾಡೋ ಕನ್ನಡದಲ್ಲಿ ಹೇಳಿದರೆ ಚೆನ್ನಾಗಿ ಬರೀತದೆ. ಸಿಟ್ಟು ಬಂದು, ಇಲ್ಲವೇ ಕಣ್ಣು ತುಂಬಿ, ಮನೆಮಾತಿಗೆ ಇಳಿದರು ಅಂದ್ರೆ ಮುಗೀತು: ‘ಹೊಂಟಿದ್ವಿ’, ‘ನಿಂತಿದ್ಲಾಕಿ’, ‘ಖಡಿ ಒಡಿಯಾಕ’ ಎಲ್ಲ ಬೇರೇನೋ ಆಗಿಬಿಡ್ತವೆ. ಯಂತ್ರಕ್ಕೆ ತಿಳೀಲಿ ಅಂತ ಅವರು ಭಾಷೆ ತಿದ್ದಿಕೊಂಡು ಹೇಳೋಕೆ ಶುರು ಮಾಡಿದರು. ಆಗ ಹೇಳಿಕೆಯೂ ತಿದ್ದಿಕೊಂಡು ಬಿಡ್ತು. ಬರಗಾಲ ‘ಭೀಕರ ಕ್ಷಾಮ’ ಆಯ್ತು, ಹಸಿವು ಹೋಗಿ ‘ಸಂಕಷ್ಟ’ ಬಂತು. ಈಗ ಬರೀ ಧ್ವನಿ ರೆಕಾರ್ಡ್ ಮಾಡ್ತೀನಿ, ಟೈಪ್ ನಾನೇ ಮಾಡ್ತೀನಿ. ಗಂಟೆಯ ಮಾತಿಗೆ ಒಂದು ಶನಿವಾರ ಪೂರ್ತಿ ಹೋಗುತ್ತೆ.

ಕಳೆದ ಬಾರಿ ಬರಗಾಲ ಕಾಮಗಾರಿಯ ಪುಟ ಓದಿ ಹೇಳ್ತಿದ್ದೆ. ರಸ್ತೆಗೆ ಖಡಿ ಒಡೆಯೋ ಕೆಲಸ, ಆಗ ಕಾಕಾ ಕಾಲೇಜು ಬಿಟ್ಟು ಬಂದಿದ್ದರು. ದಿನಗೂಲಿ ಎಷ್ಟು ಅಂತ ಅವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಓದುತ್ತಿದ್ದ ಹಾಗೇ ಒಳಗಿನಿಂದ ಚಿಗವ್ವ ಬಂದಳು, ರೊಟ್ಟಿ ಬಡಿದ ಹಿಟ್ಟಿನ ಕೈಯಲ್ಲೇ.

“ಅಷ್ಟ್ ಎಲ್ಲಿ ಕೊಟ್ರು? ಸುಳ್ಳ ಬರೀಬ್ಯಾಡ್ರಿ.”

“ನಾ ತಗೊಂಡೀನಲ್ಲ, ನನಗ ಗೊತ್ತಿಲ್ಲೇನ?” ಅಂದರು ಕಾಕಾ.

“ನೀವ್ ತಗೊಂಡಿರಬೇಕು. ನಾನೂ ನಮ್ಮವ್ವ ಹೊಳೀ ದಂಡ್ಯಾಗಿನ ಕೆಲಸಕ್ಕ ಹೋಗಿದ್ವಿ. ಹೆಣ್ಮಕ್ಕಳಿಗಿ ಅಷ್ಟ ಕೊಡ್ತಿದ್ದಿಲ್ಲ.”

ನಲವತ್ತೈದು ವರ್ಷದ ಸಂಸಾರದಲ್ಲಿ ಆಕೆಯೂ ಖಡಿ ಒಡೆದಿದ್ದಳು ಅನ್ನೋದು ಕಾಕಾನಿಗೆ ಗೊತ್ತಿರಲಿಲ್ಲ ಅಂತ ಅವರ ಮುಖ ಹೇಳ್ತಿತ್ತು. ಚಿಗವ್ವನಿಗೆ ಓದಲು ಅಷ್ಟಾಗಿ ಬರಲ್ಲ, ಯಾವ ಗ್ರೂಪಿನಲ್ಲೂ ಇಲ್ಲ. ಅವಳ ತವರಿನ ಆ ಹೊಳೆದಂಡೆಯ ಊರು ಈಗ ನೀರಿನಲ್ಲಿದೆ. ನಾನು ಫೋನು ಅವಳ ಕಡೆ ತಿರುಗಿಸಿದೆ. ಮೊದಲು ಕೈ ತೊಳ್ಕೊಂಡು ಬರ್ತೀನಿ ಅಂದಳು, ಆಮೇಲೆ ಬರಲಿಲ್ಲ. ಒಲೆ ಮುಂದಿನಿಂದಲೇ ಹೇಳತೊಡಗಿದಳು. ರೊಟ್ಟಿ ಬಡಿಯೋ ಸದ್ದಿನ ನಡುವೆ ಹನ್ನೊಂದು ನಿಮಿಷ ರೆಕಾರ್ಡ್ ಆಗಿದೆ. ಕೆಲವು ಕಡೆ ಮಾತು ಕೇಳಲ್ಲ. ಅವಳ ಕೂಲಿಯ ಅಂಕಿ ಕೇಳುತ್ತೆ, ಎರಡು ಸಲ ಹೇಳಿದ್ದಾಳೆ. ಕಾಕಾನ ನೋಟ್‌ಬುಕ್ಕಿನ ಅಂಚಿನಲ್ಲಿ ಈಗ ಆ ಅಂಕಿಯೂ ಇದೆ, ಕೆಂಪು ಪೆನ್ನಿನಲ್ಲಿ.